ಕಿಟ್ಟ

ಮಹಾಲಿಂಗಪುರದ ಆಚೆ, ಕಾಲುವೆ ದಾಟಿದರೆ
ಅಡಿವೆಪ್ಪ ಗುಳವ್ಯಾನ ಗಾಣ.
ಹೊಗೆ ಕಂಡ ಕಡೆ ಜೀಪು ತಿರುಗಿಸಿದರು ದಂತದ ಡಾಕ್ಟರು.
ನನ್ನದು ಬರೀ ಕೆರೆಯುವ ಕೆಲಸ:
ಹಲ್ಲಿನ ಬುಡದ ಪಾಚಿ, ಸಾಸಿವೆಯಷ್ಟು,
ಗಾಜಿನ ಮೇಲೆ ಉಪ್ಪುನೀರಿನ ಹನಿಯಲ್ಲಿ;
ಆಮೇಲೆ ಒಂದು ಕಣ್ಣು ಮುಚ್ಚಿ
ಇನ್ನೊಂದರಿಂದ ಇಳಿಯುವುದು.

‘ಬಾಯಿ ತಗೀರಿ’ ಅಂದೆ.
‘ಮೂವತ್ತ ವರ್ಷ ತಗದ ಇಟ್ಟೇನ್ರಿ’ ಅಂದ.
ಅಷ್ಟು ದೊಡ್ಡ ಕೊಪ್ಪರಿಗೆಗೆ
ಅವನ ನಾಲಿಗೆಯೇ ಥರ್ಮಾಮೀಟರು.
ಪಾಕ ಎಳೆ ಬಂತೋ ಇಲ್ಲವೋ,
ಬೆರಳು ತಣ್ಣೀರಿಗೆ, ಬೆರಳು ಕುದಿಗೆ, ಬೆರಳು ಬಾಯಿಗೆ.
ದಿನಕ್ಕೆ ಎಷ್ಟು ಸಲ? ಅವನು ಎಣಿಸಿಲ್ಲ.
ಎಣಿಸಿದವರು ಒಳಗಿದ್ದಾರೆ.

ಗುಂಡುಗುಂಡಗೆ, ಸರಪಳಿ ಸರಪಳಿ,
ಒಬ್ಬರ ಹೆಗಲಿಗೆ ಇನ್ನೊಬ್ಬರು ಅಂಟಿಕೊಂಡು
ಸಕ್ಕರೆ ಉಂಡು ಹುಳಿ ಉಗುಳುವ ಜನ.
ಹುಳಿ ತಾಳದವರು ಎಂದೋ ಗುಳೆ ಹೋಗಿದ್ದಾರೆ.

ಅವನ ಅಕ್ಕ ಸೈದವ್ವ, ತಂಬಾಕು ಸುಟ್ಟು
ಮಿಶ್ರಿ ತಿಕ್ಕುವವಳು. ಅವಳ ಹನಿಯೊಳಗೆ ಬೇರೆಯೇ ಊರು:
ಸಪೂರ ಸುರುಳಿಗಳು, ಗಾಳಿ ತಾಗಿದರೆ ಸಾಯುವಂಥವು,
ಒಸಡಿನ ಕತ್ತಲಲ್ಲಿ ಮೀನಿನಂತೆ ತಿರುಗುತ್ತಿದ್ದವು.
‘ಹುಳಾ ಅದಾವೇನ?’ ಅಂದಳು.
ಹುಳ ಅಲ್ಲ ಅಂದೆ. ಮತ್ತೇನು ಅನ್ನಲು
ನನ್ನ ಬಳಿ ಕನ್ನಡ ಸಾಲಲಿಲ್ಲ.

ಕಬ್ಬು ಕಡಿಯುವವರ ಮಗಳು ಸೀತ್ಲಿ, ತಾಂಡಾದವಳು,
ದೀಪಾವಳಿಯಿಂದ ಹೋಳಿಯವರೆಗೆ ಕಬ್ಬೇ ಅವಳ ಆಟ, ಊಟ.
ಊರಿಗೆ ಮರಳಿದ ಮೇಲೆ ಸಜ್ಜೆ ರೊಟ್ಟಿ.
ಅವಳ ಹಲ್ಲಿನಲ್ಲಿಯೂ ಹಂಗಾಮಿನ ಕೂಲಿಗಳಿರಬೇಕು,
ಬಂದು, ಗುಡಿಸಲು ಹಾಕಿ, ಕಿತ್ತುಕೊಂಡು ಹೋಗುವವರು.
ನೋಡೋಣವೆಂದರೆ ಬಾಯಿ ತೆರೆಯದೆ ಓಡಿದಳು.

ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಾಗ
ನನ್ನದೇ ಹಲ್ಲು ಕೆರೆದೆ. ಕದ್ದು ನೋಡಿದೆ.

ನನಗೆ ಹಲ್ಲು ಹುಟ್ಟುವ ಮೊದಲು
ಅವ್ವ ಕಟಕ ರೊಟ್ಟಿ ತನ್ನ ಬಾಯಲ್ಲಿ ನುರಿಸಿ
ನನ್ನ ಬಾಯಿಗೆ ಇಡುತ್ತಿದ್ದಳಂತೆ.
ಶೇಂಗಾ ಹಿಂಡಿ, ಹಸಿ ಹಕ್ಕರಕಿ ಜಗಿದ ಬಾಯಿ ಅದು,
ಬೇವಿನ ಕಡ್ಡಿಯ ಕಹಿ ಆರದ ಬಾಯಿ.
ಆ ತುತ್ತಿನ ಸಂಗಡ ಬಂದವರು ಇವರು,
ನನ್ನೊಳಗಿನ ಮೊದಲ ಒಕ್ಕಲು.
ಬಂದವರಿಗೆ ನಾನು ಉಣಿಸಿದ್ದೇನು?
ವಿಜಯಪುರದ ಹಾಸ್ಟೆಲ್ಲಿನ ಬನ್ನು,
ಪರೀಕ್ಷೆಯ ರಾತ್ರಿಗಳ ಚಹಾ, ಚಹಾಕ್ಕಿಂತ ಹೆಚ್ಚು ಸಕ್ಕರೆ,
ಮನೆಯಲ್ಲಿ ಮಾತು ನಿಂತ ದಿನಗಳಲ್ಲಿ
ಪೊಟ್ಟಣ ಖಾಲಿಯಾಗುವತನಕ ಬಿಸ್ಕಿಟು,
ಬಾಯಿ ತೊಳೆಯದೆ ಗೋಡೆಗೆ ಮುಖ ಮಾಡಿ ಮಲಗಿದ್ದು.
ಬಿತ್ತಿದ್ದು ಅವ್ವ. ನೀರು ಬಿಟ್ಟದ್ದು ನಾನು.
ಅವಳ ಕಾಲದವರು ಯಾರಾದರೂ ಉಳಿದಿದ್ದಾರೇನು ಎಂದು
ಗಾಜು ಅತ್ತ ಸರಿಸಿದೆ, ಇತ್ತ ಸರಿಸಿದೆ.
ಅವ್ವನ ಮುಖ ನನಗೆ ಗೊತ್ತು.
ಇವರ ಮುಖ ಗೊತ್ತಿಲ್ಲ.

ಸಂಜೆ ಡಾಕ್ಟರು ಅಡಿವೆಪ್ಪನ ಹಲ್ಲು ಕೆತ್ತಿ ತಿಕ್ಕಿ
‘ಈಗ ಸ್ವಚ್ಛ’ ಅಂದರು. ಅವನು
ನಾಲಿಗೆಯಿಂದ ಒಮ್ಮೆ ಹೊಲದ ಬದು ಸುತ್ತಿದ ಹಾಗೆ ಸುತ್ತಿ
ಕೊಪ್ಪರಿಗೆಯ ತಳ ತೋರಿಸಿದ:
‘ಇದನ್ನೂ ದಿನಾ ತಿಕ್ಕತೀವ್ರಿ. ಮುಂಜಾನಿ ಮತ್ತ ಹಿಡದಿರತೈತಿ.
ಏನ ಕುದಸ್ತೀವಿ, ಅದರದ್ದ ಕಿಟ್ಟ.’

ಆಮೇಲೆ ‘ಫೀಸು’ ಅಂತ ನಕ್ಕು
ಶೇಂಗಾ ಒತ್ತಿದ ಬಿಸಿ ಬೆಲ್ಲದ ಮುದ್ದೆ ಅಂಗೈಗೆ ಇಟ್ಟ.
ಡಾಕ್ಟರು ಕಬ್ಬಿನ ಗದ್ದೆ ಕಡೆ ನೋಡುತ್ತಿದ್ದರು.
ಬಾಯಿಗೆ ಹಾಕಿಕೊಂಡೆ.
ಒಳಗೆ ಸಂತೆ ಎದ್ದಿತು.

ಜೀಪಿನಲ್ಲಿ ನೀರಿನ ಬಾಟಲಿ ಇತ್ತು.
ಕಾಲುವೆ ದಾಟುವತನಕ ಮುಟ್ಟಲಿಲ್ಲ.