ಫೋನಿನ ಪಾತ್ರ

ನಾಟಕದಲ್ಲಿ ನಾನು ಫೋನು.
ಆರು ವರ್ಷದಿಂದ ಅದೇ ಪಾತ್ರ.
ಹಳೇ ಫ್ರಿಜ್ಜು ಬಂದಿದ್ದ ರಟ್ಟಿನ ಪೆಟ್ಟಿಗೆ, ಕಪ್ಪು ಬಣ್ಣ,
ಮುಖದಷ್ಟಗಲ ಒಂದು ಕಿಟಕಿ,
ಹೊಟ್ಟೆಯ ಹತ್ತಿರ ಚೀಟಿ ಹಾಕಲು ಸೀಳು.
ಯಾರು ಏನು ಬರೆದು ಹಾಕಿದರೂ
ಗಟ್ಟಿಯಾಗಿ ಓದಬೇಕು, ಅಷ್ಟೇ.
ಒಲ್ಲೆ ಅನ್ನುವ ಬಾಯಿ ಫೋನಿಗಿಲ್ಲ.

ಇವತ್ತು ಸೆತೂಬಲ್. ಬಂದರಿನ ಹಿಂದಿನ ಶಾಲೆ.
ಕಸರತ್ತಿನ ಕೋಣೆಯ ತುಂಬ ಒದ್ದೆ ಬೂಟಿನ ವಾಸನೆ,
ಕಿಟಕಿಯಾಚೆ ಯಾರೋ ಬೊಂಡಾಸು ಕರಿಯುತ್ತಿದ್ದಾರೆ.
ಐದನೇ ಕ್ಲಾಸು, ನೆಲದ ಮೇಲೆ ಚಕ್ಕಳಮಕ್ಕಳ,
ಊಟದ ಗಂಟೆಗೆ ಇನ್ನೂ ಐವತ್ತು ನಿಮಿಷ.

ಕಥೆ ಚಿಕ್ಕದು.
ಒಬ್ಬಳು ಹುಡುಗಿ, ಅವಳಮ್ಮ ಕೇಪ್ ವರ್ಡಿಯವಳು.
ಯಾರೋ ಅವಳ ಗುಂಗುರು ಕೂದಲಿನ ಫೋಟೋ ತೆಗೆದರು,
ಇನ್ಯಾರೋ ಕೆಳಗೆ ಹೆಸರಿಟ್ಟರು.
ಜುಲ್ಮೀರಾ ನಡುವೆ ಕೂತು ಅಳದೇ ಇರುವುದನ್ನು ನಟಿಸುತ್ತಾಳೆ.
ನಾನು ಓದುತ್ತೇನೆ:

ಪೊರಕೆ, ನಾಳೆ ಬಂದು ನಮ್ಮನೆ ಗುಡಿಸು.
ನಗುವ ಮುಖ. ನಗುವ ಮುಖ.
ಬಂದ ದೋಣೀಲೇ ವಾಪಸ್ ಹೋಗು.
ನಗುವ ಮುಖ, ನಗುವ ಮುಖ, ನಗುವ ಮುಖ.

ರೈಲಿನ ಹೊತ್ತು ಸಾರಿದ ಹಾಗೆ, ಏರಿಳಿತವಿಲ್ಲದೆ.
ಒಂದಿಬ್ಬರು ಕಿಸಕ್ಕೆಂದರು. ಎಲ್ಲ ಊರಲ್ಲೂ ಇಲ್ಲೇ ಕಿಸಕ್ಕೆನ್ನುತ್ತಾರೆ.

ಇಯೊಲಾಂಡಾ ಹೇಳಿಕೊಟ್ಟಿದ್ದಳು:
ಬೇಕಾದಾಗ 'ನಿಲ್ಸಿ!' ಅಂತ ಕೂಗಿ,
ಎದ್ದು ಬನ್ನಿ, ಯಾರ ಜಾಗದಲ್ಲಾದರೂ ನಿಲ್ಲಿ,
ಕಥೆಯನ್ನು ಬೇರೆ ದಾರಿಗೆ ಹಚ್ಚಿ.
ಒಬ್ಬಳು ಅಮ್ಮನಾಗಿ ಬಂದು ಬೈದಳು.
ಒಬ್ಬ ಗೆಳೆಯನಾಗಿ ಬಂದು ತೋಳು ಮಡಚಿದ.
'ಸರಿಹೋಯ್ತಾ?' ಎಂದು ಇಯೊಲಾಂಡಾ ಕೇಳಿದಳು.
'ಇಲ್ಲ,' ಎಂದಿತು ನೆಲ.

ಆಗ ವಾಲ್ದೆಮಾರ್ ಎದ್ದ,
ಅಣ್ಣನ ಜಾಕೆಟ್ಟು, ಬೆರಳು ಕಾಣದ ತೋಳು.
'ನಾನು ಫೋನಾಗ್ತೀನಿ.'

ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಪೆಟ್ಟಿಗೆ ಕಳಚಿ ಅವನ ಮೇಲಿಳಿಸಿದೆ.
ಕಿಟಕಿ ಅವನ ತಲೆಗಿಂತ ಮೇಲಾಯಿತು,
ಮುಖವಿರಬೇಕಾದಲ್ಲಿ ಬರೀ ಕತ್ತಲು,
ಕೆಳಗೆ ಎರಡು ಬೂಟು.
ಚೀಟಿ ಒಳಗೆ ಹೋಯಿತು.
ಸುಮಾರು ಹೊತ್ತು ಪೆಟ್ಟಿಗೆ ಸುಮ್ಮನಿತ್ತು.

'ಬ್ಯಾಟರಿ ಇಲ್ಲ.'

ಎಲ್ಲರೂ ನಕ್ಕರು, ನಾನೂ.
ಹಿಂದಿನ ಗೋಡೆಗೊರಗಿದ್ದ ನಿಲ್ಜಾ ಮಾತ್ರ
ತಲೆಯೆತ್ತದೆ ಹೇಳಿದಳು:
'ಚಾರ್ಜಿಗೆ ಹಾಕ್ತಾರೆ.
ರಾತ್ರಿ ಎರಡಕ್ಕೆ ಅದೇ ಹೊತ್ಕೊಳ್ಳತ್ತೆ,
ದಿಂಬಿನ ಕೆಳಗಿಟ್ರೂ ಬೆಳಕು ಬರತ್ತೆ.'

ನಿನಗೆ ಹೇಗೆ ಗೊತ್ತೆಂದು ಇಯೊಲಾಂಡಾ ಕೇಳಲಿಲ್ಲ.
ಅಷ್ಟನ್ನು ನಾವು ಕಲಿತಿದ್ದೇವೆ.

'ಹಾಗಾದ್ರೆ ಓದ್ತೀನಿ,' ಎಂದಿತು ಪೆಟ್ಟಿಗೆ.
ಅವನಿಗೆ ಓದು ಸಲೀಸಲ್ಲವೆಂದು ಟೀಚರಿಗೆ ಗೊತ್ತಿತ್ತು,
ಅರ್ಧ ಎದ್ದು, ಮತ್ತೆ ಕೂತರು.
ಸೀಳಿನಿಂದ ಬರುವ ಗೆರೆಯಷ್ಟು ಬೆಳಕಿಗೆ ಕಾಗದ ಹಿಡಿದು
ಅವನು ಒಂದೊಂದೇ ಅಕ್ಷರ ಹೆಕ್ಕಿದ:

ಪೊ.
ರ.
ಕೆ.

ಅಷ್ಟು ನಿಧಾನಕ್ಕೆ ಯಾರಿಗೂ ನಗಲಾಗಲಿಲ್ಲ.
ನಗು ಹುಟ್ಟುವ ಮೊದಲೇ ಇನ್ನೊಂದು ಅಕ್ಷರ,
ಅದರ ನಡುವಿನ ಜಾಗದಲ್ಲಿ ಜುಲ್ಮೀರಾ, ಅವಳ ಕೂದಲು.
ಅವಳು ನಟಿಸುವುದನ್ನು ಬಿಟ್ಟಿದ್ದಳು.
ಬಂ. ದ. ದೋ.
ಕೊನೆ ಮುಟ್ಟಲು ಎರಡು ನಿಮಿಷ ಹಿಡಿಯಿತು.

ನಾನು ಎಷ್ಟು ಬೇಗ ಓದುತ್ತಿದ್ದೆ, ಇಷ್ಟು ವರ್ಷ.

ವ್ಯಾನು ಹತ್ತಿ ಪೆಟ್ಟಿಗೆ ಮಡಚುವಾಗ
ಒಂದು ಚೀಟಿ ಜಾಸ್ತಿ ಸಿಕ್ಕಿತು, ನಮ್ಮದಲ್ಲ.
ಎಂಟು ಮಡಿಕೆ, ಪೆನ್ಸಿಲು:
'ನಾನು ನಗುವ ಮುಖ ಮಾತ್ರ ಒತ್ತಿದ್ದೆ.'
'ಮಾತ್ರ' ಎಂಬುದನ್ನು ಅಳಿಸಿ
ಅಲ್ಲೇ, ಅದರ ಕಲೆಯ ಮೇಲೆಯೇ, ಮತ್ತೆ ಬರೆದಿತ್ತು.

ಹಾಕಿದ್ದನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸ.
'ಏನದು?' ಇಯೊಲಾಂಡಾ ಕೇಳಿದಳು.
ಸುಂಕದ ಕಟ್ಟೆ ಬಂತು. ಅವಳು ಚಿಲ್ಲರೆ ತಡಕುತ್ತಿದ್ದಳು,
ಗೂಡಿನೊಳಗಿನವನು ಕೈ ಚಾಚಿದ್ದ,
ಅವನ ಮುಂದೆ ಹೇಳುವಂಥ ಸುಖದುಃಖವೂ ಅಲ್ಲ.
ಬಾಯೊಳಗೇ ಓದಿಕೊಂಡೆ,
ಹುಡುಗನ ಹಾಗೆ, ಬೆರಳಿಟ್ಟು,

ಮಾ.
ತ್ರ.