ಗೇಟ್ ನಂಬರ್ ಹದಿನೇಳು

ನಕ್ಷೆಯಾಗ ನಮ್ಮೂರಿಗೆ ಹೆಸರಿಲ್ಲ.
ರೈಲಿನವರು ಮಾತ್ರ ಬರಕೊಂಡಾರ:
ಗೇಟ್ ನಂಬರ್ ಹದಿನೇಳು, ಸೇಡಂ ದಾರಿ.

ಮೊದಲು ಬಂದಾವ ಮಸ್ತಾನಸಾಬ,
ಎರಡು ಬಣ್ಣದ ಗಾಜಿನ ಒಂದು ಕಂದೀಲು,
ಒಂದು ಕುಂಟ ಹೋತ.
ಆಮ್ಯಾಲ ಕಲ್ಲು ಒಡಿಯೋರ ಮೂರು ಮನಿ.
ಫರಸಿ ಪದರು ಸೀಳೋದು ಗೊತ್ತು,
ನೇಗಿಲ ಹಿಡಿಯೋದು ಗೊತ್ತಿಲ್ಲ.

ಗೂಡ್ಸ್ ಗಾಡಿ ಹಾಯೋ ಹೊತ್ತಿನಾಗ ತಿಪ್ಪವ್ವ ಹಡದ್ಲು.
ಒದರಿದ್ದು ಯಾರಿಗೂ ಕೇಳಲಿಲ್ಲ;
ನೋವಿನಾಗ ಡಬ್ಬಿ ಎಣಿಸಿದ್ಲಂತ, ನಲವತ್ತೊಂದು.
ಮಸ್ತಾನಸಾಬ ಗಾಡಿ ವಹಿಯಾಗ, ವ್ಯಾಳ್ಯಾದ ಬಾಜೂಕ,
ಉರ್ದುದಾಗ ಬರದ: ಹೆಣ್ಣು.
ನಮಗಿರೋದು ಅದೊಂದೇ ದಾಖಲಿ.

ರಜಾಕಾರರ ವರ್ಷ, ಶ್ರಾವಣದಾಗ,
ಕೆಲವರು ಬಂದು ಅವನ ಕೋಣಿಯಾಗ ಅಡಗಿದರು.
ಮಹಾನವಮಿ ಹೊತ್ತಿಗೆ ಬ್ಯಾರೆಯವರು,
ತಿಪ್ಪವ್ವನ ಕಟಗಿ ಒಟ್ಟಿಲ ಹಿಂದ.
ಹೊದ್ದದ್ದು ಅದೇ ಕಂಬಳಿ.
ಯಾರೂ ಯಾರ ಹೆಸರೂ ಕೇಳಲಿಲ್ಲ,
ಊರಿಗೇ ಇರಲಿಲ್ಲ ನೋಡ್ರಿ.

ಮುಂದ ಸರ್ವೇದವ ಬಂದು ಸರಪಳಿ ಎಳದ.
ಗಡಿ ನಮ್ಮ ಒಲಿ ಬಾಜೂಕೇ ಹಾದು ಹೋತು:
ರೊಟ್ಟಿ ಬಡಿಯೋದು ಒಂದೂರಾಗ,
ಸುಡೋದು ಇನ್ನೊಂದರಾಗ.
ನಳಕ್ಕ ಅರ್ಜಿ ಕೊಟ್ರ
ಇವರು ಅವರ ಕಡಿ ಬೆರಳು ಮಾಡ್ತಾರ,
ಅವರು ಇವರ ಕಡಿ.
ನೀರು ಇನ್ನೂ ಕಾಗಿಣಾದಿಂದ, ತಲಿ ಮ್ಯಾಲ.

ಹ್ವಾದ ವರ್ಷ ಕೆಳಸೇತುವೆ ಆತು, ಗೇಟು ಕಿತ್ತರು.
ನಂಬರೂ ಹೋತು.
ಆದರೂ ಸಾಲಿ ಅರ್ಜಿಯಾಗ, ಗ್ರಾಮ ಅಂದಲ್ಲಿ,
ನನ್ನ ಮಗಳು ಹದಿನೇಳು ಅಂತ ಬರದಾಳ.
ಮಾಸ್ತರು, ಹುಡುಗಿ ವಯಸ್ಸು ತಪ್ಪಿ ಬರದಾಳ ಅನಕೊಂಡು,
ತಿದ್ದಿ ಹತ್ತು ಮಾಡಿದ್ರು.