ಹನ್ನೊಂದನೇ ಮಹಡಿ

ದುಬೈಗೆ ಟಿಕೆಟ್ಟು ಆದ ಮೇಲೆ ಮೂರು ವಾರ
ಹೋಟೆಲುಗಳನ್ನು ಅಕ್ಕಿಯ ಹಾಗೆ ಆರಿಸಿದೆ,
ಕಲ್ಲು ಬೇರೆ, ನೆಲ್ಲು ಬೇರೆ.
ಕರಾಮಾದಲ್ಲಾದರೆ ಮೆಟ್ಟಿಲಿಳಿದರೆ ಇಡ್ಲಿ.
ದೇರಾದಲ್ಲಿ ಬಾಡಿಗೆ ಕಡಿಮೆ, ಗದ್ದಲ ಜಾಸ್ತಿ.
ಅಜ್ಮಾನಿನ ಭಾವ ನಮ್ಮಲ್ಲೇ ಇರಿ ಎಂದ;
ಅವನ ಹಾಲಿನಲ್ಲಿ ಪರದೆಯಾಚೆ
ಈಗಾಗಲೇ ಇನ್ನೊಂದು ಸಂಸಾರ.
‘ಮೆಟ್ರೋಗೆ ನಾಲ್ಕೇ ನಿಮಿಷ’ ಎಂದು ಬರೆದವನು
ಅಪ್ಪನ ಮಂಡಿಯನ್ನು ಕಂಡವನಲ್ಲ.
‘ಸಮುದ್ರ ನೋಟ, ಭಾಗಶಃ.’
ಭಾಗಶಃ ಅಂದರೆ ಕಿಟಕಿಗೆ ಕೆನ್ನೆ ಒತ್ತಬೇಕು
ಅಂತ ಆಫೀಸಿನ ಫ್ಲೋರಿನ್ ಹೇಳಿದಳು.

ನನ್ನ ಮನಸ್ಸಲ್ಲಿ ಇದ್ದದ್ದು ನೈಫ್.
ಅಪ್ಪ ಹದಿನಾರು ವರ್ಷ ಇದ್ದ ಜಾಗ:
ಒಂದು ಕೋಣೆ, ಒಂಬತ್ತು ಮಂಚ, ಒಂದು ಕಿಟಕಿ,
ಕಿಟಕಿ ಪಕ್ಕದ ಮಂಚಕ್ಕೆ ಹತ್ತು ದಿರ್ಹಮ್ ಹೆಚ್ಚು.
ಕಾಗದದ ಬೆನ್ನಿಗೆ ಬೀದಿ ಇರುತ್ತಿರಲಿಲ್ಲ, ಮನೆ ನಂಬರಿಲ್ಲ,
ಬರೀ ಪೋಸ್ಟ್ ಬಾಕ್ಸ್.
ಅಪ್ಪ ಒಂದು ಡಬ್ಬಿಯೊಳಗೆ ಇದ್ದಾನೆ,
ತೂತಿನಿಂದ ಕಾಗದ ಒಳಗೆ ಹಾಕುತ್ತಾರೆ
ಎಂದು ಎರಡನೇ ಕ್ಲಾಸಿನವರೆಗೂ ನಂಬಿದ್ದೆ.

ಅಲ್ಲೇ ಹತ್ತಿರದ ಲಾಡ್ಜೊಂದನ್ನು ಫೋನಿನಲ್ಲಿ ತೋರಿಸಿದೆ.
ಅಪ್ಪ ಕನ್ನಡಕ ಹಣೆಗೇರಿಸಿದ.
“ಅಲ್ಲಿ ನೋಡ್ಲಿಕ್ಕೆ ಎಂಥ ಉಂಟು?
ತಿಗಣೆ ಇತ್ತು. ಈಗ ಅದೂ ಇರ್ಲಿಕ್ಕಿಲ್ಲ.”

ಆಮೇಲೆ ಅನ್ನ ಕಲಸುತ್ತ, ನನ್ನ ಮುಖ ನೋಡದೆ,
ಜುಮೇರಾ ಕಡಲ ದಂಡೆಯ ದೊಡ್ಡ ಹೋಟೆಲೊಂದರ ಹೆಸರು ಹೇಳಿದ,
ತನಗೆ ಬಾಕಿ ಕೊಡಬೇಕಾದವನ ಹೆಸರು ಹೇಳುವಂತೆ.
“ಅದರ ಹನ್ನೊಂದನೇ ಮಹಡಿಯ ಏಸಿ ಡಕ್ಟು ಪೂರಾ ನಮ್ಮ ಗ್ಯಾಂಗಿಂದು.
ತಗಡು ಮಡಚಿ ಕೂಡಿಸಿದ್ದು ನಾನು, ಅಬೂಬಕ್ಕರ್ ಬ್ಯಾರಿ,
ಮತ್ತೆ ಒಬ್ಬ ನೇಪಾಳಿ, ಹೆಸರು ಮರ್ತೋಯ್ತು.
ಮಹಡಿಗಿನ್ನೂ ಗಾಜು ಹಾಕಿರಲಿಲ್ಲ. ನಲವತ್ತಾರು ಡಿಗ್ರಿ.
ಗಾಳಿ ಬಿಡುವ ದಿನ ನಮ್ಮನ್ನು ಬೇರೆ ಸೈಟಿಗೆ ಹಾಕಿದ್ರು.”
ಮಜ್ಜಿಗೆ ಸುರಿದುಕೊಂಡ.
“ಅದು ತಣ್ಣಗಾಗ್ತದಾ ಇಲ್ವಾ, ನಾನು ನೋಡ್ಲಿಲ್ಲ.”

ಒಂದು ರಾತ್ರಿಯ ಬಾಡಿಗೆ ಕಂಡು ಫೋನು ಬೋರಲು ಹಾಕಿದೆ.
ಇಬ್ಬರೂ ಲೆಕ್ಕ ಹಾಕಿದೆವು, ಬೇರೆ ಬೇರೆ:
ನಾನು ನನ್ನ ಈ ತಿಂಗಳ ಸಂಬಳದಲ್ಲಿ,
ಅವನು ಆಗಿನ ತನ್ನ ತಿಂಗಳುಗಳಲ್ಲಿ.
ಕೊನೆಗೆ ನಾಲ್ಕು ರಾತ್ರಿ ಕರಾಮಾ,
ಒಂದೇ ಒಂದು ರಾತ್ರಿ ಅಲ್ಲಿ.

ಕೌಂಟರಿನ ಹುಡುಗಿ ಪಾಸ್‌ಪೋರ್ಟು ತಿರುವಿ
“ಮಿಸ್ಟರ್ ವಾಮನ ಕುಂದರ್,
ನಮ್ಮಲ್ಲಿಗೆ ಮೊದಲ ಸಲವೇ?” ಎಂದಳು.
ಹೇಳಲು ನಾನು ಬಾಯಿ ತೆರೆಯುವುದರೊಳಗೆ
ಹೌದು ಎಂದುಬಿಟ್ಟ.

ಕೋಣೆಯ ಕಿಟಕಿ ತುಂಬ ಕಡಲು,
ಭಾಗಶಃ ಅಲ್ಲ. ಅದನ್ನವನು ನೋಡಲಿಲ್ಲ.
ಮಂಡಿ ಮರೆತು ಕುರ್ಚಿ ಹತ್ತಿ
ಮೇಲಿನ ಜಾಲರಿಗೆ ಅಂಗೈ ಹಿಡಿದ,
ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ.
“ಬರ್ತಾ ಉಂಟು” ಎಂದ.

ರಾತ್ರಿ ಎರಡಕ್ಕೆ ಎಚ್ಚರವಾದರೆ
ಅಪ್ಪ ಮಂಚದ ಅಂಚಿನಲ್ಲಿ, ತಲೆಗೆ ಹೋಟೆಲಿನ ಬಿಳಿ ಟವೆಲು.
“ಕೇಳು. ಮೂರನೇ ತಿರುವಿನಲ್ಲಿ ಟಕ್ ಅಂತದೆ.
ಅದು ಅಬೂಬಕ್ಕರನ ಜಾಯಿಂಟು.
ಇನ್ನೊಂದು ಸ್ಕ್ರೂ ಹಾಕು ಮಾರಾಯ ಅಂತ
ಅವತ್ತೇ ಬಡ್ಕೊಂಡಿದ್ದೆ.”
ನನಗೇನೂ ಕೇಳಿಸಲಿಲ್ಲ,
ಅವನ ಹಲ್ಲು ಕಟಕಟ ಅನ್ನುವುದಲ್ಲದೆ.

ಏಸಿ ಸ್ವಲ್ಪ ಕಡಿಮೆ ಮಾಡಲಾ ಎಂದೆ.
“ಬೇಡ, ಬೇಡ. ಇರ್ಲಿ.
ಇನ್ನೊಂದು ಕಂಬಳಿ ಸಿಗ್ತದಾ
ಫೋನ್ ಮಾಡಿ ಕೇಳು.”